ಬೇಸಗೆಯ ಬಿಸಿಲೂ ಕುಂಬಳದ ಬಳ್ಳಿಯೂ

ಉಡುಪಿ ಜಿಲ್ಲೆಯಲ್ಲಿ ಭತ್ತದ ಕೊಯ್ಲು ಮುಗಿದ ತರುವಾಯ ಗದ್ದೆಗಳಲ್ಲಿ ಬೆಳೆಸುವ ತರಕಾರಿಗಳ ಪೈಕಿ ಕುಂಬಳದಷ್ಟು ಉದಾರವಾದ ಬಳ್ಳಿಯು ಬೇರೊಂದಿಲ್ಲ. ಅದರಷ್ಟು ಅನಾದರಕ್ಕೆ ಒಳಗಾದ ಬಳ್ಳಿಯೂ ಬೇರೊಂದಿಲ್ಲ. ಸೌತೆಗೆ ಸಾಲು ಹಿಡಿದು ನೀರೆರೆಯುವ, ಅಲಸಂಡೆಗೆ ಚಪ್ಪರ ಕಟ್ಟುವ, ಗುಳ್ಳದ ಗಿಡವನ್ನು ಮಗುವಿನಂತೆ ನೋಡಿಕೊಳ್ಳುವ ಬೇಸಾಯಗಾರನೇ ಕುಂಬಳದ ಬೀಜವನ್ನು ಮಾತ್ರ ಗೊಬ್ಬರದ ಗುಂಡಿಯ ಅಂಚಿನಲ್ಲಿ ಊರಿ, ಅದು ತನ್ನ ಪಾಡಿಗೆ ತಾನು ಹಬ್ಬಲೆಂದು ಬಿಟ್ಟುಬಿಡುತ್ತಾನೆ. ಫೆಬ್ರವರಿ ತಿಂಗಳು ಕಳೆಯುವ ವರೆಗೆ ಬಳ್ಳಿಯು ಅವನ ನಂಬಿಕೆಯನ್ನು ಸುಳ್ಳು ಮಾಡುವುದಿಲ್ಲ. ಮಾರ್ಚ್ ತಿಂಗಳ ಬಿಸಿಲು ಏರತೊಡಗಿದೊಡನೆ ಹೊತ್ತೇರುವಷ್ಟರಲ್ಲಿ ಎಲೆಗಳು ಜೋಲುತ್ತವೆ. ಮಿಡಿಗಳು ಹಳದಿಗಟ್ಟಿ ಉದುರುತ್ತವೆ. ಉಳಿದ ಒಂದೆರಡು ಕಾಯಿಗಳ ಬೆನ್ನಿನ ಮೇಲೆ ಬಿಳಿಯ ಸುಟ್ಟ ಕಲೆಗಳೇಳುತ್ತವೆ. ಆಗ ಬಿಸಿಲನ್ನು ದೂಷಿಸಿ ಸುಮ್ಮನಾಗುವುದು ರೂಢಿಯಾಗಿದೆ.

ಸುಮ್ಮನಾಗದವರು ಸಾಧಾರಣವಾಗಿ ಎರಡು ಉಪಾಯಗಳನ್ನು ಹೂಡುವುದುಂಟು. ಎಲೆ ಬಾಡಿದುದನ್ನು ಕಂಡೊಡನೆ ನಡು ಮಧ್ಯಾಹ್ನದಲ್ಲಿಯೇ ಕೊಡಗಟ್ಟಲೆ ನೀರು ಸುರಿಯುವುದು ಒಂದು. ಪೇಟೆಯಿಂದ ನೆರಳಿನ ಬಲೆಯನ್ನು ತಂದು ಬಳ್ಳಿಯ ಮೇಲೆಲ್ಲ ಕಟ್ಟುವುದು ಇನ್ನೊಂದು. ಮೊದಲನೆಯದರಿಂದ ನೀರು ಹಾಳು. ಎರಡನೆಯದರಿಂದ ಹಣವು ವೆಚ್ಚವಾಗಿ ಕಾಯಿಯೂ ಕಡಮೆ. ಬಿಸಿಲು ಯಾರ ಕೈಯಲ್ಲಿಯೂ ಇಲ್ಲ. ಬಳ್ಳಿಯ ಬೇರಿನ ತಂಪು ಮಾತ್ರ ಮನುಷ್ಯನ ಕೈಯಲ್ಲಿದೆ. ಆ ತಂಪನ್ನು ಎಪ್ರಿಲ್ ತಿಂಗಳಲ್ಲಿ ಹುಡುಕಿದರೆ ಸಿಕ್ಕದು, ಡಿಸೆಂಬರಿನಲ್ಲಿಯೇ ಕೂಡಿಡಬೇಕು. ಹಾಗೆ ಕೂಡಿಡುವ ಕೆಲಸವು ಒಬ್ಬ ಬಡ ಬೇಸಾಯಗಾರನಿಂದ ಮಾತ್ರ ಆಗುವಂಥದಲ್ಲ. ಗ್ರಾಮದ ಮುಖಂಡರೂ ಭೂಮಾಲೀಕರೂ ಮನಸ್ಸಿಟ್ಟರೆ ಮಾತ್ರ ಆಗುವಂಥದು. ಈ ಸಂಗತಿಯನ್ನು ಅವರ ಲಕ್ಷ್ಯಕ್ಕೆ ತರುವುದೇ ಈ ಲೇಖನದ ಉದ್ದೇಶವು.

ಕುಂಬಳವೆಂಬ ಹೆಸರು ಎರಡು ಬಳ್ಳಿಗಳಿಗೆ ಸಲ್ಲುತ್ತದೆ. ತುಳುವಿನಲ್ಲಿ ಕುಂಬುಡೆ ಎನ್ನಿಸಿಕೊಳ್ಳುವ ಬೂದುಗುಂಬಳವು ಈ ಏಷ್ಯಾ ಖಂಡದ್ದೇ. ಕೆಂಬುಡೆ ಎಂದೂ ಕೆಲವೆಡೆ ಚೀನಿಕಾಯಿ ಎಂದೂ ಹೇಳುವ ಸಿಹಿಗುಂಬಳವು ಅಮೆರಿಕ ಖಂಡದಿಂದ ಸಮುದ್ರಮಾರ್ಗವಾಗಿ ಬಂದು ಇಲ್ಲಿ ನೆಲೆಯೂರಿದುದು. ಬೇಸಗೆಯ ತಾಪವು ಇಬ್ಬರಿಗೂ ಶತ್ರುವಾದರೂ ಸಿಹಿಗುಂಬಳಕ್ಕೆ ಅದರ ಬಾಧೆ ಹೆಚ್ಚು. ಇವುಗಳನ್ನು ಕೇವಲ ಹಿತ್ತಿಲಿನ ಕಾಯಿಗಳೆಂದು ಹಗುರಾಗಿ ನೋಡಕೂಡದು. ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ಹಸುರು ತರಕಾರಿಯು ದುರ್ಲಭವಾಗುವ ಈ ಕರಾವಳಿಯಲ್ಲಿ, ಬೇಸಗೆಯಲ್ಲಿ ಬಲಿತ ಕುಂಬಳವನ್ನು ಅಟ್ಟದ ಮೇಲಿರಿಸಿ, ಸೌತೆಯನ್ನು ಬಾಳೆಯ ನಾರಿನಿಂದ ಕಟ್ಟಿ ಮಾಡಿನ ಕೆಳಗೆ ತೂಗಹಾಕಿ, ಆಷಾಢ ಶ್ರಾವಣಗಳನ್ನು ಕಳೆಯುವುದು ಹಿಂದಿನಿಂದ ಬಂದ ಸಂಸಾರಸೂತ್ರವಾಗಿದೆ. ದೇವಸ್ಥಾನಗಳ ಉತ್ಸವ, ಮದುವೆ, ನೇಮಗಳ ಅನ್ನಸಂತರ್ಪಣೆಗೆ ದೊಡ್ಡ ಕುಂಬಳವಿಲ್ಲದೆ ಆಗದು. ಎರಡು ವರ್ಷಗಳಿಗೊಮ್ಮೆ ಜನವರಿಯಲ್ಲಿ ನಡೆಯುವ ಉಡುಪಿಯ ಪರ್ಯಾಯಕ್ಕೆ ಊರೂರಿನಿಂದ ಹೋಗುವ ಹೊರೆಕಾಣಿಕೆಯಲ್ಲಿ ದೊಡ್ಡ ದೊಡ್ಡ ಕುಂಬಳಗಳು ಜನರ ಕಣ್ಣನ್ನು ಸೆಳೆಯುವುದು ಎಲ್ಲರೂ ಬಲ್ಲ ಸಂಗತಿ.

ಕಾಯಿ ದೊಡ್ಡದಾದಷ್ಟು ಬಿಸಿಲಿನ ಭಯವೂ ದೊಡ್ಡದೇ. ಕುಂಬಳದ ತೂಕದಲ್ಲಿ ಹೆಚ್ಚುಕಡಮೆ ನೂರಕ್ಕೆ ತೊಂಬತ್ತು ಪಾಲು ನೀರು. ಆ ನೀರನ್ನೆಲ್ಲ ಬೇರು ಎಳೆಯಬೇಕು. ಆ ಸಿಹಿಯನ್ನೆಲ್ಲ ಎಲೆ ತಯಾರಿಸಬೇಕು. ಮಣ್ಣಿನಲ್ಲಿ ಒಂದು ದಿನ ಬರ, ಇನ್ನೊಂದು ದಿನ ಪ್ರವಾಹವಾದರೆ ದೊಡ್ಡ ಕಾಯಿಯ ಸಿಪ್ಪೆಯು ಬಿರಿಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಹಾಫ್ ಮೂನ್ ಬೇ ಎಂಬ ಊರಿನ ಸ್ಪರ್ಧೆಯಲ್ಲಿ 2023ರ ಅಕ್ಟೋಬರದಲ್ಲಿ ಒಂದು ಕುಂಬಳವು 1247 ಕಿಲೋಗ್ರಾಂ ತೂಗಿತು. ಇಂಥ ಸಮಾಚಾರವನ್ನು ಓದಿ ಅಲ್ಲಿನ ಬೀಜವನ್ನು ತರಿಸುವ ಉತ್ಸಾಹವು ಕೆಲವರಲ್ಲಿ ಹುಟ್ಟುವುದು ಸಹಜ. ಆದರೆ ಆ ಜಾತಿಯು ತಂಪಾದ ರಾತ್ರಿಗಳನ್ನು ಬಯಸುವಂಥದು. ಗಿಡವು ಹಗಲಿನಲ್ಲಿ ಗಳಿಸಿದುದನ್ನು ರಾತ್ರಿಯಲ್ಲಿ ಉಸಿರಾಟಕ್ಕೆ ಸ್ವಲ್ಪ ವೆಚ್ಚ ಮಾಡುತ್ತದೆ. ರಾತ್ರಿ ಸೆಕೆಯಾದಷ್ಟು ಆ ವೆಚ್ಚವು ಏರುತ್ತದೆ. ಎಪ್ರಿಲ್, ಮೇ ತಿಂಗಳುಗಳಲ್ಲಿ ರಾತ್ರಿಯೂ ಸಾಮಾನ್ಯವಾಗಿ 25 ಡಿಗ್ರಿಯ ಆಸುಪಾಸಿನಲ್ಲಿಯೇ ಇರುವ ಈ ತೀರದಲ್ಲಿ ಪರದೇಶದ ಆ ಬೀಜವು ಎಲೆಯ ಸಂಭ್ರಮವನ್ನು ತೋರಿಸಿ ಕಾಯಿಯಲ್ಲಿ ಮೋಸ ಮಾಡುವ ಸಂಭವವೇ ಹೆಚ್ಚು. ಅಲ್ಲಿನ ಬೀಜಕ್ಕಿಂತ ಅಲ್ಲಿನ ಬೆಳೆಗಾರರ ಶಿಸ್ತು ಅನುಕರಣೆಗೆ ಯೋಗ್ಯವಾದುದು: ಅವರು ಬೇರಿಗೆ ತಂಪನ್ನೂ ಕಾಯಿಗೆ ನೆರಳನ್ನೂ ಕೊಡುತ್ತಾರೆ, ಎಲೆಗೆ ಮಾತ್ರ ಬಿಸಿಲನ್ನು ಪೂರ್ತಿಯಾಗಿ ಬಿಡುತ್ತಾರೆ.

ಬಿಸಿಲು ಬಳ್ಳಿಯನ್ನು ಕೆಡಿಸುವ ರೀತಿ

ಕುಂಬಳದ ಎಲೆಯು ಅಗಲವಾದುದು. ಅದರ ಮೂಲಕ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ನಡುಹಗಲಿನಲ್ಲಿ ಬೇರು ಎಳೆಯುವುದಕ್ಕಿಂತ ಎಲೆ ಕಳೆಯುವುದು ಹೆಚ್ಚಾದುದರಿಂದ ಎಲೆಯು ಜೋಲುತ್ತದೆ. ಬಿಸಿಲಿಗೆ ಮೈಯನ್ನು ಓರೆ ಮಾಡಿ ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯವೂ ಇದರಲ್ಲಡಗಿದೆ. ಮಧ್ಯಾಹ್ನ ಜೋತ ಎಲೆಯು ಸೂರ್ಯಾಸ್ತದ ಹೊತ್ತಿಗೆ ತಲೆಯೆತ್ತಿದರೆ ಹೆದರಬೇಕಾದುದಿಲ್ಲ. ಮರುದಿನ ಸೂರ್ಯೋದಯದಲ್ಲಿಯೂ ಜೋತೇ ಇದ್ದರೆ ಮಾತ್ರ ಬೇರಿಗೆ ನೀರಿಲ್ಲವೆಂದೋ ಬೇರು ಕೊಳೆತಿದೆಯೆಂದೋ ತಿಳಿಯತಕ್ಕದ್ದು. ಈ ಎರಡರ ಭೇದವನ್ನು ಅರಿಯದೆ ಮಧ್ಯಾಹ್ನ ಸುರಿದ ನೀರಿನಿಂದ ಎಷ್ಟೋ ಬಳ್ಳಿಗಳ ಬುಡವು ಕೊಳೆತುಹೋಗುತ್ತದೆ.

ಎರಡನೆಯ ಕೇಡು ಹೂವಿನಲ್ಲಿ. ಕುಂಬಳದ ಒಂದೇ ಬಳ್ಳಿಯಲ್ಲಿ ಗಂಡು ಹೂಗಳೂ ಹೆಣ್ಣು ಹೂಗಳೂ ಬೇರೆಬೇರೆಯಾಗಿ ಬಿಡುತ್ತವೆ. ತಾಪವು ಹೆಚ್ಚಿದಷ್ಟು ಗಂಡು ಹೂಗಳ ಸಂಖ್ಯೆ ಏರುತ್ತದೆ. ಹೆಣ್ಣು ಹೂಗಳು ಅರಳುವ ಮೊದಲೇ ಉದುರುತ್ತವೆ. ಪರಾಗವು ಸಹ ಬೇಗನೆ ನಿಸ್ಸತ್ವವಾಗುತ್ತದೆ. ಹೂವು ಮುಂಜಾನೆ ಅರಳಿ, ಹೊತ್ತೇರಿದೊಡನೆ ಮುಚ್ಚಿಕೊಳ್ಳುವುದರಿಂದ ಜೇನಿಗೆ ದೊರೆಯುವ ವೇಳೆಯೇ ಸ್ವಲ್ಪ. ಮೂರನೆಯ ಕೇಡು ಕಾಯಿಯಲ್ಲಿ. ಎಲೆಯ ಮರೆಯಲ್ಲಿ ಬೆಳೆದ ಎಳೆಗಾಯಿಗೆ ಥಟ್ಟನೆ ಬಿಸಿಲು ತಾಗಿದರೆ ಸಿಪ್ಪೆಯು ಬೆಂದು, ಆ ಸ್ಥಳದಲ್ಲಿ ಕೊಳೆಯು ಪ್ರವೇಶಿಸುತ್ತದೆ. ಅಂಥ ಕಾಯಿಯು ಅಟ್ಟದಲ್ಲಿ ಒಂದು ತಿಂಗಳೂ ನಿಲ್ಲದು.

ನಾಲ್ಕನೆಯ ಕೇಡೇ ಎಲ್ಲಕ್ಕೂ ಮೂಲವಾದುದು. ಅದು ಕಣ್ಣಿಗೆ ಕಾಣದ ಬೇರಿನಲ್ಲಿ. ಕುಂಬಳದ ಆಹಾರವನ್ನೆಳೆಯುವ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಒಂದು ಅಡಿಯೊಳಗೇ ದೂರದೂರಕ್ಕೆ ಹರಡಿರುತ್ತವೆ. ಬರಿಯ ಒಣ ಮಳಲಿನ ಮೇಲ್ಮೈಯು ಬೇಸಗೆಯ ಮಧ್ಯಾಹ್ನ 50 ಡಿಗ್ರಿಗೂ ಮೇಲೆ ಕಾಯುವುದುಂಟು. ಮೇಲೆ ಬಿಸಿಲು, ಕೆಳಗೆ ಕಾದ ಹಂಚು. ಇವೆರಡರ ನಡುವೆ ಬಳ್ಳಿಯು ಬದುಕುವುದಾದರೂ ಹೇಗೆ? ಬೇರು ತಂಪಾಗಿದ್ದರೆ ಎಲೆಯು 35 ಡಿಗ್ರಿಯ ತಾಪವನ್ನೂ ಸಹಿಸಬಲ್ಲುದು. ಬೇರು ಬೆಂದ ಮೇಲೆ ಮೇಲಿನ ನೆರಳು ವ್ಯರ್ಥ.

ಕಾಪುವಿನ ಮಳಲು, ಮಣಿಪಾಲದ ಮುರಕಲ್ಲು, ಕಾರ್ಕಳದ ಸೆಕೆ

ಈ ಜಿಲ್ಲೆಯ ಬಿಸಿಲು ಎಲ್ಲೆಡೆಯೂ ಒಂದೇ ವಿಧದ್ದಲ್ಲ. ಬೇಸಗೆಯ ಮುಂಜಾನೆಯಲ್ಲಿ ನೆಲದ ಕಡೆಯಿಂದ ಒಣ ಗಾಳಿಯು ಬೀಸುತ್ತದೆ. ಹಗಲೇರಿದ ಮೇಲೆ ಕಡಲಿನಿಂದ ತಂಪುಗಾಳಿಯು ಹೊರಡುತ್ತದೆ. ಕಡಲ ಗಾಳಿಯು ತಡವಾಗಿ ಎದ್ದ ದಿನ ತಾಪವು ಮಿತಿಮೀರುತ್ತದೆ. ಕರಾವಳಿಯಲ್ಲಿ ಉಷ್ಣತೆಯು 37 ಡಿಗ್ರಿಯನ್ನು ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಾದರೆ ಹವಾಮಾನ ಇಲಾಖೆಯು ಅದನ್ನು ಬಿಸಿಗಾಳಿಯೆಂದು ಗಣಿಸುತ್ತದೆ.

ಕಾಪುವಿನ ಕಡಲ ಕರೆಯಲ್ಲಿ ಈ ತಂಪುಗಾಳಿಯು ಮೊದಲು ತಲಪುವುದು ಲಾಭವೇ ಸರಿ. ಆದರೆ ಅಲ್ಲಿನ ಮಳಲು ಮಣ್ಣು ನೀರನ್ನು ಹಿಡಿದಿಡುವುದಿಲ್ಲ. ಎಪ್ರಿಲಿನ ಹೊತ್ತಿಗೆ ಹೊಳೆಯ ಬದಿಯ ಬಾವಿಗಳ ನೀರು ಸವುಳಾಗುವುದೂ ಉಂಟು. ಸವುಳು ನೀರನ್ನೆರೆದ ಬರಿಯ ನೆಲದಿಂದ ನೀರು ಮಾತ್ರ ಆವಿಯಾಗಿ ಉಪ್ಪು ಬೇರಿನ ಸುತ್ತಲೇ ಉಳಿಯುತ್ತದೆ. ಕಟಪಾಡಿಯ ಸಮೀಪದ ಮಟ್ಟುವಿನಲ್ಲಿ ಕಡಲು ಹೊಳೆಗಳ ನಡುವಿನ ಮಣ್ಣಿನಲ್ಲಿ ಬೆಳೆಯುವ ಗುಳ್ಳವು 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದು ಊರಿನ ಕೀರ್ತಿಯನ್ನು ಹೆಚ್ಚಿಸಿತು. ಆ ನೆಲದ ಗುಣವನ್ನರಿತು, ತಲೆಮಾರುಗಳಿಂದ ಬೀಜವನ್ನು ಆಯ್ದು ಉಳಿಸಿಕೊಂಡು ಬಂದ ಬೆಳೆಗಾರರ ಜಾಗರೂಕತೆಯೇ ಅದಕ್ಕೆ ಕಾರಣವು. ಆ ಜಾಗರೂಕತೆಯ ಅರ್ಧವು ಕುಂಬಳಕ್ಕೆ ಸಂದರೂ ಸಾಕಾದೀತು.

ಉಡುಪಿಯಿಂದ ಮೂಡಲಿಗೆ ಮಣಿಪಾಲದ ಎತ್ತರಕ್ಕೆ ಏರಿದರೆ ಮುರಕಲ್ಲಿನ ನೆಲ. ಅಲ್ಲಿ ಮೇಲ್ಮಣ್ಣು ತೆಳುವು. ಕಲ್ಲು ಹಗಲೆಲ್ಲ ಕಾದು ಸಂಜೆಯಾದರೂ ಆರುವುದಿಲ್ಲ. ಇಂಥ ಬೆಟ್ಟುಗಳಲ್ಲಿ ಬಳ್ಳಿಯನ್ನು ಎಬ್ಬಿಸುವವರು ಮಣ್ಣನ್ನು ಹೊರಗಿನಿಂದ ತಂದು ತುಂಬದೆ ಗತ್ಯಂತರವಿಲ್ಲ. ಉಡುಪಿ ಮಣಿಪಾಲಗಳಿಗೆ ಕುಡಿಯುವ ನೀರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಬರುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು. ಮೇ ತಿಂಗಳಲ್ಲಿ ಊರಿಗೇ ನೀರು ಸಾಲದೆ ಬರುವ ಕಾಲಕ್ಕೆ ಬಳ್ಳಿಗೆ ಧಾರಾಳವಾಗಿ ಎರೆಯುವ ಮಾತು ನ್ಯಾಯವಾದುದಲ್ಲ. ಎರೆದ ನೀರನ್ನು ಉಳಿಸುವ ಮಾತೇ ನ್ಯಾಯ.

ಘಟ್ಟದ ಅಡಿಯ ಕಾರ್ಕಳಕ್ಕೆ ಕಡಲ ಗಾಳಿಯು ತಡವಾಗಿ, ದುರ್ಬಲವಾಗಿ ಮುಟ್ಟುತ್ತದೆ. ಹಗಲಿನ ತಾಪವು ಕಡಲ ಕರೆಗಿಂತ ಒಂದೆರಡು ಡಿಗ್ರಿ ಹೆಚ್ಚಿರುವುದು ಸಾಮಾನ್ಯ. ಆನೆಕೆರೆ, ರಾಮಸಮುದ್ರಗಳಂಥ ಕೆರೆಗಳನ್ನು ಹಿಂದಿನವರು ತೋಡಿಸಿದುದು ಕೇವಲ ಶೋಭೆಗಾಗಿ ಅಲ್ಲ. ಕೆರೆಯ ಕೆಳಗಿನ ಬಾವಿಗಳ ನೀರು ಬೇಸಗೆಯಲ್ಲಿಯೂ ನಿಲ್ಲುವುದು ಅಂಥ ಕೆರೆಗಳ ದೆಸೆಯಿಂದ. ಕಾರ್ಕಳದ ಗ್ರಾಮಗಳಲ್ಲಿ ಕಾಡಿನ ತರಗೆಲೆಗೂ ಅಡಿಕೆಯ ಹಾಳೆಗೂ ಬರವಿಲ್ಲ. ಬೇಸಗೆಯ ವಿರುದ್ಧ ಪ್ರಕೃತಿಯು ಅಲ್ಲಿ ಆಯುಧವನ್ನು ಬಾಗಿಲಲ್ಲಿಯೇ ಇಟ್ಟಿದೆ.

ಮಾಡತಕ್ಕ ಕೆಲಸಗಳು

ಮೊದಲನೆಯದಾಗಿ ಕಾಲ. ಕುಂಬಳದ ಬೆಳೆಗೆ ಬಿತ್ತಿದಂದಿನಿಂದ ನೂರರಿಂದ ನೂರಿಪ್ಪತ್ತು ದಿನಗಳು ಬೇಕು. ಬಿಸುವಿನ ಕಣಿಗೆ ಬಲಿತ ಕಾಯಿಯು ಬೇಕೆಂಬವನು ಡಿಸೆಂಬರ ಮಧ್ಯದೊಳಗೆ ಬೀಜವನ್ನು ಊರತಕ್ಕದ್ದು. ಹಾಗೆ ಮಾಡಿದರೆ ಹೆಣ್ಣು ಹೂಗಳು ಫೆಬ್ರವರಿಯ ತಂಪು ಮುಂಜಾವುಗಳಲ್ಲಿ ಅರಳಿ ಮಿಡಿ ನಿಲ್ಲುತ್ತದೆ. ಬಿರುಬಿಸಿಲು ಬರುವ ಹೊತ್ತಿಗೆ ಕಾಯಿಯ ಸಿಪ್ಪೆಯು ಗಟ್ಟಿಯಾಗಿರುತ್ತದೆ. ಫೆಬ್ರವರಿಯ ಕೊನೆಯಲ್ಲಿ ಬಿತ್ತಿದವನ ಹೂವು ಎಪ್ರಿಲಿನ ಉರಿಗೆ ಸಿಕ್ಕುತ್ತದೆ. ಉಳಿದ ಕಾಯಿಯು ಪತ್ತನಾಜೆ ಕಳೆದು ಮಳೆಯಲ್ಲಿ ಕೊಳೆಯುತ್ತದೆ. ಬಿಸಿಲಿನಿಂದ ಕೆಟ್ಟಿತೆನ್ನುವ ಬೆಳೆಗಳಲ್ಲಿ ಹಲವು ನಿಜವಾಗಿ ತಡವಾದುದರಿಂದಲೇ ಕೆಟ್ಟವು.

ಎರಡನೆಯದಾಗಿ ಗುಂಡಿ. ಮಳೆಗಾಲದ ಬಳ್ಳಿಗೆ ದಿಬ್ಬವು ಹೇಗೆ ಯೋಗ್ಯವೋ ಬೇಸಗೆಯ ಬಳ್ಳಿಗೆ ಗುಂಡಿಯು ಹಾಗೆ ಯೋಗ್ಯ. ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿಗಳನ್ನು ಎಂಟು ಅಡಿಗೊಂದರಂತೆ ತೋಡಿ, ಹಟ್ಟಿಗೊಬ್ಬರ, ಸುಡುಮಣ್ಣು, ಮೇಲ್ಮಣ್ಣುಗಳನ್ನು ಬೆರೆಸಿ, ನೆಲಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗಿರುವಂತೆ ತುಂಬಬೇಕು. ಮಳಲಿನಲ್ಲಿ ಗೊಬ್ಬರವು ಹೆಚ್ಚಿದ್ದಷ್ಟು ನೀರು ನಿಲ್ಲುತ್ತದೆ.

ಮೂರನೆಯದಾಗಿ ಹೊದಿಕೆ, ಇದೇ ಎಲ್ಲಕ್ಕೂ ಮುಖ್ಯವಾದುದು. ಫೆಬ್ರವರಿಯ ನಡುವಿನಲ್ಲಿ ಬರುವ ಕೆಡ್ಡಸದ ಮೂರು ದಿನ ತುಳುನಾಡಿನವರು ಭೂಮಿಗೆ ಗುದ್ದಲಿ ತಾಗಿಸುವುದಿಲ್ಲ. ಆ ದಿನಗಳಿಗೆ ಮುಂಚಿತವಾಗಿ ಕಳೆಯನ್ನು ತೆಗೆದು, ನೆಲವನ್ನು ಚೆನ್ನಾಗಿ ತೋಯಿಸಿ, ಬಳ್ಳಿಯು ಹಬ್ಬುವ ಜಾಗದ ಮೇಲೆಲ್ಲ ಬೈಹುಲ್ಲನ್ನಾಗಲಿ ತರಗೆಲೆಯನ್ನಾಗಲಿ ಒಂದು ಗೇಣಿನ ದಪ್ಪಕ್ಕೆ ಹಾಸಿಬಿಟ್ಟರೆ ಭೂಮಿಗೂ ವಿಶ್ರಾಂತಿ, ಬೇರಿಗೂ ನೆರಳು. ಬುಡದಿಂದ ನಾಲ್ಕು ಬೆರಳಿನಷ್ಟು ದೂರವನ್ನು ಮಾತ್ರ ಬಿಡತಕ್ಕದ್ದು. ಇಲ್ಲವಾದರೆ ಕಾಂಡವು ಕೊಳೆತೀತು. ಪೇಟೆಯ ಪ್ಲಾಸ್ಟಿಕ್ ಹಾಳೆಯನ್ನು ಹಾಸುವವರು ಬೆಳ್ಳಿಯ ಬಣ್ಣದ ಮುಖವು ಮೇಲಿರುವ ಹಾಳೆಯನ್ನೇ ಆರಿಸಬೇಕು. ಬರಿಯ ಕಪ್ಪು ಹಾಳೆಯು ಬಿಸಿಲನ್ನು ಕುಡಿದು ಮಣ್ಣನ್ನು ಇನ್ನಷ್ಟು ಕಾಯಿಸುತ್ತದೆ. ಹಬ್ಬುವ ಬಳ್ಳಿಯ ಗಿಣ್ಣುಗಳ ಮೇಲೆ ಎರಡು ಮೂರು ಅಡಿಗೊಮ್ಮೆ ಒಂದು ಬೊಗಸೆ ಮಣ್ಣನ್ನಿಟ್ಟರೆ ಅಲ್ಲಿಯೂ ಬೇರೊಡೆದು ಬಳ್ಳಿಗೆ ಬಲ ಬರುತ್ತದೆ.

ನಾಲ್ಕನೆಯದಾಗಿ ನೀರು. ಬೇಸಗೆಯ ಒಂದು ದಿನದಲ್ಲಿ ಚೆನ್ನಾಗಿ ಹಬ್ಬಿದ ಬೆಳೆಯು ಸುಮಾರು ಐದು ಮಿಲಿಮೀಟರಿನಷ್ಟು ನೀರನ್ನು ಕಳೆಯುತ್ತದೆಂದು ಇಟ್ಟುಕೊಂಡರೆ, ನಾಲ್ಕು ಚದರ ಮೀಟರು ಹರಡಿದ ಬಳ್ಳಿಗೆ ದಿನಕ್ಕೆ ಇಪ್ಪತ್ತು ಲೀಟರು ಬೇಕಾಗುತ್ತದೆ. ಅದನ್ನು ಸೂರ್ಯೋದಯಕ್ಕೆ ಮೊದಲೇ ಬುಡದ ಸುತ್ತ ನಿಧಾನವಾಗಿ ಉಣಿಸಬೇಕು. ಎಲೆಯ ಮೇಲೆ ಎರಚಕೂಡದು. ಸಂಜೆಯಲ್ಲಿ ಎಲೆ ಒದ್ದೆಯಾದರೆ ಕಡಲ ಗಾಳಿಯ ತೇವದಲ್ಲಿ ಬೂಷ್ಟಿನ ರೋಗಗಳು ಹುಟ್ಟುತ್ತವೆ. ಹನಿ ನೀರಾವರಿಯ ಕೊಳವೆಯನ್ನು ಹಾಕಿಸುವ ಶಕ್ತಿಯುಳ್ಳವರು ಅದನ್ನು ಹೊದಿಕೆಯ ಕೆಳಗೆ ಹಾಸತಕ್ಕದ್ದು. ಶಕ್ತಿಯಿಲ್ಲದವರು ಗುಂಡಿಯ ನಡುವೆ ಒಂದು ಮಣ್ಣಿನ ಮಡಕೆಯನ್ನು ಕುತ್ತಿಗೆಯ ವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಟ್ಟರೆ ಮಡಕೆಯ ಮೈಯಿಂದ ನೀರು ಒಸರಿ ಬೇರಿಗೆ ತಲಪುತ್ತದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನೀ ಕೃಷಿಗ್ರಂಥವೊಂದರಲ್ಲಿಯೂ ಈ ಉಪಾಯವು ಹೇಳಲ್ಪಟ್ಟಿದೆ. ಹಳೆಯದಾದ ಮಾತ್ರಕ್ಕೆ ಅದು ಕೆಲಸಕ್ಕೆ ಬಾರದ್ದಾಗಲಿಲ್ಲ.

ಐದನೆಯದಾಗಿ ನೆರಳು. ಸಸಿಯು ಎಳೆಯದಾಗಿರುವಾಗ ಪಡುವಣ ಬದಿಯಲ್ಲಿ ತೆಂಗಿನ ಗರಿಯೊಂದನ್ನು ಓರೆಯಾಗಿ ಊರಿದರೆ ಸಾಕು. ಬೆಳೆದ ಬಳ್ಳಿಗೆ ಚಪ್ಪರದ ನೆರಳು ಬೇಡ. ಕುಂಬಳವು ಬಿಸಿಲನ್ನು ಉಂಡೇ ಸಿಹಿಯನ್ನು ಕಟ್ಟುವ ಬಳ್ಳಿ. ಗದ್ದೆಯ ಪಡುವಣ ಅಂಚಿನಲ್ಲಿ ಅಲಸಂಡೆಯನ್ನಾಗಲಿ ಹೀರೆಯನ್ನಾಗಲಿ ಎತ್ತರಕ್ಕೆ ಹಬ್ಬಿಸಿದರೆ ಮೂರು ಗಂಟೆಯ ತರುವಾಯದ ಉರಿಬಿಸಿಲು ತಡೆಯಲ್ಪಟ್ಟು, ಇನ್ನೊಂದು ಫಸಲೂ ಕೈಗೆ ಬರುತ್ತದೆ. ಕಾಯಿಗೆ ಮಾತ್ರ ನೆರಳು ಅವಶ್ಯ. ಅದರ ಮೇಲೆ ಒಂದು ಅಡಿಕೆಯ ಹಾಳೆಯನ್ನಾಗಲಿ ಒಣ ಗರಿಯನ್ನಾಗಲಿ ಗಾಳಿಯಾಡುವಂತೆ ಮುಚ್ಚಿ, ಅಡಿಯಲ್ಲಿ ಬೈಹುಲ್ಲಿನ ಸಿಂಬಿಯನ್ನು ಇಡಬೇಕು. ಪದಾರ್ಥಕ್ಕೆಂದು ಬಳ್ಳಿಯ ಕುಡಿ ಎಲೆಗಳನ್ನು ಕೊಯ್ಯುವ ಮನೆಗಳಲ್ಲಿ, ಕಾಯಿಯ ಬಳಿಯ ಎಲೆಗಳನ್ನು ಮಾರ್ಚ್ ತಿಂಗಳ ತರುವಾಯ ಮುಟ್ಟದಿರುವಂತೆ ಹೆಂಗಸರಿಗೆ ತಿಳಿಸಿದರೆ ಒಳ್ಳೆಯದು. ಬಳ್ಳಿಯು ತಾನೇ ಹಿಡಿದ ಕೊಡೆ ಅದು.

ಆರನೆಯದಾಗಿ ಹೂವು. ಬಿಸಿಲೇರಿದ ತಿಂಗಳಲ್ಲಿ ಬೆಳಗ್ಗೆ ಆರರಿಂದ ಎಂಟು ಗಂಟೆಯೊಳಗೆ, ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಬಿಡಿಸಿ, ಬುಡದಲ್ಲಿ ಮಿಡಿಯಿರುವ ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಿದರೆ ಕಾಯಿ ನಿಲ್ಲುವ ಸಂಭವವು ಹೆಚ್ಚುತ್ತದೆ. ಮನೆಯ ಮಕ್ಕಳೂ ಮಾಡಬಲ್ಲ ಕೆಲಸವಿದು. ತುಡುವೆ ಜೇನಿನ ಒಂದೆರಡು ಪೆಟ್ಟಿಗೆಗಳು ಗದ್ದೆಯ ಹತ್ತಿರವಿದ್ದರೆ ಇನ್ನೂ ಉತ್ತಮ. ಕೀಟನಾಶಕವನ್ನು ಸಿಂಪಡಿಸುವ ಅನಿವಾರ್ಯವು ಬಂದರೆ ಸಂಜೆಯಲ್ಲದೆ ಬೆಳಗಿನಲ್ಲಿ ಸಿಂಪಡಿಸಕೂಡದು. ದೊಡ್ಡ ಕಾಯಿಯೇ ಬೇಕೆಂಬವರು ಬಳ್ಳಿಗೆ ಒಂದೆರಡು ಮಿಡಿಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ಚಿವುಟಬೇಕು.

ಆಕ್ಷೇಪಣೆಗಳು

ಹೊದಿಕೆಯ ಮಾತನ್ನೆತ್ತಿದೊಡನೆ ಅನುಭವಿಗಳು ಕೆಲವು ಆಕ್ಷೇಪಣೆಗಳನ್ನು ಹೇಳುವುದುಂಟು; ಅವನ್ನು ಅಲಕ್ಷಿಸುವುದು ಸರಿಯಲ್ಲ. ಒಣ ಎಲೆಗೆ ಗೆದ್ದಲು ಬರುತ್ತದೆಂಬುದು ಮೊದಲನೆಯದು. ಮುರಕಲ್ಲಿನ ನೆಲದಲ್ಲಿ ಇದು ನಿಜವೇ. ಆದರೆ ಗೆದ್ದಲಿಗೆ ಸತ್ತ ಒಣ ಪದಾರ್ಥವೇ ಹೆಚ್ಚು ಇಷ್ಟವಾದುದರಿಂದ, ಬುಡದ ಸುತ್ತ ಜಾಗವನ್ನು ಬಿಟ್ಟು, ಹೊದಿಕೆಯು ತೇವವಾಗಿರುವಂತೆ ನೋಡಿಕೊಂಡು, ವಾರಕ್ಕೊಮ್ಮೆ ಎತ್ತಿ ನೋಡಿದರೆ ಹಾನಿಯು ಸ್ವಲ್ಪದರಲ್ಲಿ ನಿಲ್ಲುತ್ತದೆ. ಹೊದಿಕೆಯಲ್ಲಿ ಹಾವು ಇಲಿಗಳು ಸೇರುತ್ತವೆಂಬುದು ಎರಡನೆಯದು. ಒಂದು ಗೇಣಿಗಿಂತ ದಪ್ಪಕ್ಕೆ ಹಾಸದೆ, ನಡೆದಾಡಲು ದಾರಿಯನ್ನು ಬಿಟ್ಟರೆ ಈ ಭಯವು ಕಡಮೆಯಾಗುತ್ತದೆ. ಆಳಿನ ಕೂಲಿಯು ದುಬಾರಿಯೆಂಬುದು ಮೂರನೆಯದು, ಮತ್ತು ಇದರಲ್ಲಿಯೇ ಹೆಚ್ಚು ತೂಕವಿದೆ. ಆದರೆ ಒಮ್ಮೆ ಹಾಸಿದ ಹೊದಿಕೆಯು ಮೂರು ತಿಂಗಳ ಕಳೆ ಕೀಳುವ ಕೂಲಿಯನ್ನೂ ದಿನಕ್ಕೆ ಎರಡು ಬಾರಿ ನೀರೆರೆಯುವ ದುಡಿಮೆಯನ್ನೂ ಉಳಿಸುತ್ತದೆ. ಮಳೆಗಾಲಕ್ಕೆ ಕೊಳೆತು ಮುಂದಿನ ಭತ್ತಕ್ಕೆ ಗೊಬ್ಬರವಾಗುತ್ತದೆ. ಲೆಕ್ಕವಿಡುವ ಯಾವ ಜಮೀನುದಾರನಿಗೂ ಇದು ನಷ್ಟದ ವ್ಯಾಪಾರವೆಂದು ತೋರಲಾರದು.

ಗ್ರಾಮದ ಮುಖಂಡರ ಹೊಣೆ

ಮೇಲೆ ಹೇಳಿದ ಎಲ್ಲವನ್ನೂ ಬೇಸಾಯಗಾರನು ಅರಿತಿದ್ದರೂ ಬೈಹುಲ್ಲು ಇಲ್ಲದೆ, ನೀರು ಇಲ್ಲದೆ, ಬೇಲಿಯಿಲ್ಲದೆ ಅವನೇನು ಮಾಡಿಯಾನು? ಇಲ್ಲಿಂದ ಮುಂದಿನದು ಮುಖಂಡರ ಕೆಲಸ.

ತೋಡು ಹೊಳೆಗಳಿಗೆ ಕಟ್ಟ ಕಟ್ಟುವುದು ಈ ಸೀಮೆಯ ಹಳೆಯ ಪದ್ಧತಿ. ಹಲವು ಕಡೆ ಅದರ ಸ್ಥಾನದಲ್ಲಿ ಕಿಂಡಿ ಅಣೆಕಟ್ಟುಗಳು ಬಂದಿವೆ. ಅಣೆಕಟ್ಟು ಇದ್ದ ಮಾತ್ರಕ್ಕೆ ನೀರು ನಿಲ್ಲದು. ಸಕಾಲದಲ್ಲಿ ಹಲಗೆಗಳನ್ನು ಇಳಿಸಿ, ಸಂದುಗಳಿಗೆ ಮಣ್ಣು ತುಂಬಬೇಕು. ಮಳೆ ನಿಂತು ತೋಡಿನಲ್ಲಿ ಹರಿವು ಚೆನ್ನಾಗಿರುವಾಗಲೇ, ಎಂದರೆ ನವೆಂಬರ ಕೊನೆಯೊಳಗೆ, ಹಲಗೆಯು ಬಿದ್ದರೆ ನೆರೆಯ ಬಾವಿಗಳಲ್ಲಿ ಎಪ್ರಿಲಿನ ವರೆಗೂ ನೀರು ನಿಲ್ಲುತ್ತದೆ. ಜನವರಿಯ ಕೊನೆಯಲ್ಲಿ ಸಭೆ ಸೇರಿಸಿ, ಫೆಬ್ರವರಿಯಲ್ಲಿ ಹಲಗೆಯನ್ನು ಹುಡುಕಹೊರಟರೆ ತಡೆಯಲು ನೀರೇ ಇರುವುದಿಲ್ಲ. ಕಡಲ ಸಮೀಪದಲ್ಲಿ ಈ ಆಲಸ್ಯದ ಫಲವು ಇನ್ನೂ ಘೋರ; ಮುರಿದ ಹಲಗೆಯ ಸಂದಿನಿಂದ ಉಪ್ಪುನೀರು ಏರಿ ಒಂದು ಬೈಲಿನ ಬಾವಿಗಳೆಲ್ಲವನ್ನೂ ಕೆಡಿಸಬಲ್ಲುದು. ಹಲಗೆಗಳ ಎಣಿಕೆ, ದುರಸ್ತಿ, ಇಳಿಸುವ ದಿನ ಇವು ಮೂರನ್ನೂ ದೀಪಾವಳಿಯ ಹೊತ್ತಿಗೆ ಗೊತ್ತುಪಡಿಸುವ ಮುಖಂಡನು ತನ್ನ ಊರಿನ ಬೇಸಗೆಯನ್ನು ಅರ್ಧ ಗೆದ್ದಂತೆಯೇ.

ಎರಡನೆಯದು ಬೈಹುಲ್ಲು ಹಾಗೂ ತರಗೆಲೆ. ಕೊಯ್ಲಿನ ಯಂತ್ರವು ಬಂದ ಮೇಲೆ ಹುಲ್ಲು ಗದ್ದೆಯಲ್ಲಿಯೇ ತುಂಡಾಗಿ ಉಳಿಯುವುದುಂಟು, ಇಲ್ಲವೆ ಸುರುಳಿಯಾಗಿ ಬೇರೆ ಊರಿಗೆ ಮಾರಾಟವಾಗುವುದುಂಟು. ಮಾರುವವರನ್ನು ತಡೆಯಲಾಗದು, ಆದರೆ ಹಟ್ಟಿಗೆ ಬೇಕಾದುದರ ಜೊತೆಯಲ್ಲಿ ತರಕಾರಿಯ ಗದ್ದೆಗೆ ಬೇಕಾದ ಹುಲ್ಲನ್ನೂ ಮೊದಲು ಎತ್ತಿಟ್ಟು ಮಿಕ್ಕುದನ್ನು ಮಾರುವುದು ವಿವೇಕ. ತರಗೆಲೆಯ ವಿಷಯವು ಇದಕ್ಕಿಂತಲೂ ಶೋಚನೀಯ. ಜನವರಿ ಫೆಬ್ರವರಿಗಳಲ್ಲಿ ಅಂಗಳ, ತೋಟ, ರಸ್ತೆಯ ಬದಿಗಳಲ್ಲಿ ಗುಡಿಸಿದ ಎಲೆಗೆ ಬೆಂಕಿಯಿಡುವ ಅಭ್ಯಾಸವು ಹಳ್ಳಿ ಪೇಟೆಯೆನ್ನದೆ ಎಲ್ಲೆಡೆಯೂ ಕಂಡುಬರುತ್ತದೆ. ಸುಡುಮಣ್ಣಿಗೆಂದು ಸ್ವಲ್ಪ ಸುಡುವುದು ಬೇರೆ. ಕಸವೆಂದು ಸುಡುವುದು ಬೇರೆ. ಒಂದು ತಿಂಗಳ ತರುವಾಯ ಬಳ್ಳಿಯ ಬೇರನ್ನು 50 ಡಿಗ್ರಿಯ ನೆಲದಿಂದ ಕಾಪಾಡಬೇಕಾದ ವಸ್ತುವನ್ನೇ ಹೊಗೆ ಮಾಡಿ, ಆಮೇಲೆ ಬಿಸಿಲು ಹೆಚ್ಚಾಯಿತೆಂದು ಗೋಳಿಡುವುದು ಯಾವ ನ್ಯಾಯ? ಗ್ರಾಮದ ದೊಡ್ಡ ಮನೆಯವರು ತಮ್ಮ ತೋಟದ ಎಲೆಯನ್ನು ಸುಡದೆ, ತರಕಾರಿಯ ಗದ್ದೆಗೆ ಹೊತ್ತು ಹಾಕಿಸಿದರೆ ಉಳಿದವರು ಅದನ್ನು ನೋಡಿಯೇ ಕಲಿತಾರು.

ಮೂರನೆಯದು ಬೇಲಿ. ಭತ್ತದ ಕೊಯ್ಲಾದೊಡನೆ ದನಗಳನ್ನು ಗದ್ದೆಗೆ ಅಡ್ಡಾಡಬಿಡುವ ಊರುಗಳಲ್ಲಿ ಡಿಸೆಂಬರದಲ್ಲಿ ಬೀಜವೂರಲು ಯಾರಿಗೂ ಧೈರ್ಯ ಬರುವುದಿಲ್ಲ. ಎಲ್ಲರ ಕೊಯ್ಲೂ ಮುಗಿದು ದನ ಕಟ್ಟುವ ವರೆಗೆ ಕಾಯುತ್ತಾರೆ. ಕಾದು ಕಾದು ಬೆಳೆಯು ಎಪ್ರಿಲಿನ ಬಾಯಿಗೆ ಬೀಳುತ್ತದೆ. ಕಾರ್ಕಳದ ಕಾಡಂಚಿನಲ್ಲಿ ಹಂದಿ, ಕೋತಿ, ನವಿಲುಗಳ ಬಾಧೆಯೂ ಸೇರಿದೆ. ತರಕಾರಿಯ ಗದ್ದೆಗಳೆಲ್ಲ ಒಂದೇ ಬೈಲಿನಲ್ಲಿ ಒತ್ತಾಗಿರುವಂತೆ ಮಾತನಾಡಿಕೊಂಡು, ಒಂದೇ ಬೇಲಿಯೊಳಗೆ ತಂದರೆ ಕಾವಲಿನ ವೆಚ್ಚವು ಹಂಚಿಹೋಗುತ್ತದೆ. ಇಂಥ ಒಡಂಬಡಿಕೆಯನ್ನು ಮಾಡಿಸುವ ಮಾತಿನ ಬಲವು ಹಿರಿಯರಿಗೆ ಮಾತ್ರ ಇದೆ.

ನಾಲ್ಕನೆಯದು ಬೀಜ. ಎಪ್ರಿಲಿನ ಉರಿಯಲ್ಲಿಯೂ ಎಲೆ ಹಸುರಾಗಿ, ಕಾಯಿ ಕೆಡದೆ ನಿಂತ ಬಳ್ಳಿಯು ಪ್ರತಿ ಊರಿನಲ್ಲಿಯೂ ಒಂದೆರಡು ಸಿಕ್ಕೀತು. ಅದರ ಕಾಯಿಯನ್ನು ಪದಾರ್ಥಕ್ಕೆ ಹೆಚ್ಚುವ ಮೊದಲು ಬೀಜವನ್ನು ತೆಗೆದು, ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿಯಲ್ಲಿ ಬೆರೆಸಿ ಕಾದಿರಿಸಿದರೆ ಅದು ಮುಂದಿನ ಬೇಸಗೆಗೆ ಊರಿನ ಆಸ್ತಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರಡಿಸಿದ ಅರ್ಕಾ ಚಂದನ ಮೊದಲಾದ ತಳಿಗಳನ್ನು ಇದರ ಪಕ್ಕದಲ್ಲಿ ನೆಟ್ಟು ಹೋಲಿಸಿ ನೋಡಬಹುದು. ಸಂದೇಹವಿದ್ದವರು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ತಮ್ಮ ಮಣ್ಣಿಗೆ ಒಪ್ಪುವ ಸಲಹೆಯನ್ನು ಪಡೆಯತಕ್ಕದ್ದು.

ಒಂದು ಕುಂಬಳದ ಬಳ್ಳಿಗಾಗಿ ಇಷ್ಟು ಏರ್ಪಾಡೇ ಎಂದು ಯಾರಾದರೂ ನಗಬಹುದು. ಸಕಾಲದಲ್ಲಿ ಇಳಿದ ಹಲಗೆಯಿಂದ ಕುಂಬಳವು ಮಾತ್ರವಲ್ಲ, ಸೌತೆ, ಬೆಂಡೆ, ಹರಿವೆ, ಗುಳ್ಳಗಳೂ ಮನೆಯ ಬಾವಿಯೂ ಉಳಿಯುತ್ತವೆ. ಕುಂಬಳವು ಬೇಸಗೆಯ ಸಂಕಟವನ್ನು ಎಲ್ಲಕ್ಕಿಂತ ಮೊದಲು ತೋರಿಸುವ ಬಳ್ಳಿಯಾದುದರಿಂದ ಅದನ್ನು ಉಳಿಸಿಕೊಂಡ ಊರು ಉಳಿದವನ್ನೂ ಉಳಿಸಿಕೊಂಡೀತು. ಈ ವರ್ಷ ಪ್ರತಿ ಗ್ರಾಮದಲ್ಲಿ ಒಬ್ಬ ಜಮೀನುದಾರನಾದರೂ ತನ್ನ ಒಂದು ಗದ್ದೆಯ ಅರ್ಧಕ್ಕೆ ಹೊದಿಕೆಯನ್ನು ಹಾಸಿ, ಇನ್ನರ್ಧವನ್ನು ಬರಿದಾಗಿ ಬಿಟ್ಟು, ಎರಡಕ್ಕೂ ಒಂದೇ ದಿನ ಬೀಜವನ್ನೂರಿ, ಕಾಯಿಗಳ ಎಣಿಕೆ, ತೂಕ, ಎರೆದ ನೀರು ಇವುಗಳ ಲೆಕ್ಕವನ್ನು ಬರೆದಿಡಬೇಕಾಗಿ ಕೋರಲಾಗಿದೆ. ಬಿಸುವಿನ ದಿನ ನೆರೆಹೊರೆಯವರನ್ನು ಕರೆದು ಆ ಎರಡು ಅರ್ಧಗಳನ್ನೂ ತೋರಿಸಿದರೆ ಸಾಕು. ಮುಂದಿನ ಡಿಸೆಂಬರದಲ್ಲಿ ಯಾರಿಗೂ ಬೋಧಿಸಬೇಕಾದ ಅವಶ್ಯಕತೆಯಿರದು.